ಸ್ಕ್ರ್ಯಾಬಲ್ ಮಣೆಯ ಅಪೂರ್ವ ಪದಗಳು

ಇಂಗ್ಲಿಷ್ ಅಕ್ಷರಗಳನ್ನು ಕೊರೆದ ಚಿಕ್ಕ ಬಿಲ್ಲೆಗಳನ್ನು ಚೌಕುಳಿ ಮಣೆಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ, ಇಟ್ಟ ಪದವು ಅಧಿಕೃತ ಪಟ್ಟಿಯಲ್ಲಿದ್ದರೆ ಅಂಕ ದೊರೆಯುತ್ತದೆ. ಆ ಪದದ ಅರ್ಥವೇನೆಂದು ಕೇಳುವ ಅಧಿಕಾರ ಎದುರಾಳಿಗಾಗಲಿ ತೀರ್ಪುಗಾರನಿಗಾಗಲಿ ಇಲ್ಲ. ಈ ಕಾರಣದಿಂದ ಪಂದ್ಯಗಳಲ್ಲಿ ಪಳಗಿದವರು ಸಾವಿರಾರು ಪದಗಳನ್ನು ಕೇವಲ ಅಕ್ಷರಗಳ ಸಾಲಾಗಿ ಕಲಿತಿರುತ್ತಾರೆ, ಮತ್ತು ಆ ಸಾಲುಗಳ ಹಿಂದೆ ಹವಾಯಿಯ ಜ್ವಾಲಾಮುಖಿಗಳು, ಇರಾನಿನ ನೀರಿನ ಸುರಂಗಗಳು, ಟಿಬೆಟ್ಟಿನ ದನಗಳು, ದಕ್ಷಿಣ ಭಾರತದ ವಾದ್ಯಗಳು ಇವೆಯೆಂಬುದು ಎಷ್ಟೋ ಬಾರಿ ಅವರ ಗಮನಕ್ಕೆ ಬರುವುದೇ ಇಲ್ಲ. ಹೀಗೆ ಅರ್ಥವನ್ನು ಕಳಚಿ ಪದವನ್ನು ಮಾತ್ರ ಇಟ್ಟುಕೊಳ್ಳುವುದು ಆಟದ ದೃಷ್ಟಿಯಿಂದ ಸಾಧ್ಯವಾದರೂ, ಅದರಿಂದ ಆಟಗಾರನಿಗೆ ಆಗುವ ನಷ್ಟ ದೊಡ್ಡದು.

ಇಂತಹ ಅಪರೂಪದ ಪದಗಳು ಆಟಕ್ಕೆ ಏಕೆ ಬೇಕಾದವೆಂಬುದನ್ನು ತಿಳಿಯಲು ಅದರ ರಚನೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಮೋಷರ್ ಬಟ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಕಾಲದಲ್ಲಿ ಈ ಆಟದ ಮೊದಲ ರೂಪವನ್ನು ಸಿದ್ಧಪಡಿಸಿದನು. ವೃತ್ತಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಆ ಎಣಿಕೆಯ ಆಧಾರದ ಮೇಲೆ ಬಿಲ್ಲೆಗಳ ಸಂಖ್ಯೆಯನ್ನೂ ಅಂಕಗಳನ್ನೂ ಅವನು ನಿಗದಿ ಮಾಡಿದನು. ಜೇಮ್ಸ್ ಬ್ರೂನೋ ಎಂಬಾತ ಆಟದ ಹಕ್ಕುಗಳನ್ನು ಪಡೆದು, 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರನ್ನು ನೋಂದಾಯಿಸಿದನು. ಒಟ್ಟು 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12 ಬಿಲ್ಲೆಗಳು ಸಂದರೆ ಕ್ಯೂ ಮತ್ತು ಜ಼ೆಡ್ ಅಕ್ಷರಗಳಿಗೆ ತಲಾ ಒಂದೇ ಬಿಲ್ಲೆ ಉಂಟು, ಆದರೆ ಆ ಒಂದೊಂದಕ್ಕೂ 10 ಅಂಕಗಳ ಬೆಲೆಯಿದೆ. ಚೀಲ ಬರಿದಾಗುವವರೆಗೆ ಆಟಗಾರನ ಮುಂದಿನ ಹಲಗೆಯಲ್ಲಿ ಏಳು ಬಿಲ್ಲೆಗಳಿರುತ್ತವೆ. ಅವುಗಳಲ್ಲಿ ಕ್ಯೂ ಬಂದು ಅದರ ಜೊತೆಗಾರನಾದ ಯು ಬಾರದೆ ಹೋದರೆ, ಸಾಮಾನ್ಯ ಇಂಗ್ಲಿಷ್ ಬಲ್ಲವನ ಕೈ ಕಟ್ಟಿಹಾಕಿದಂತೆಯೇ ಸರಿ. ಇಡೀ ಚೀಲದಲ್ಲಿ ಯು ಬಿಲ್ಲೆಗಳು ನಾಲ್ಕೇ. ವಿ ಅಕ್ಷರದ ತೊಡಕು ಬೇರೆ ಬಗೆಯದು: ಆ ಅಕ್ಷರವನ್ನು ಒಳಗೊಂಡ ಎರಡಕ್ಷರದ ಪದ ಒಂದೂ ಪಟ್ಟಿಯಲ್ಲಿಲ್ಲ, ಆದ್ದರಿಂದ ಇಕ್ಕಟ್ಟಾದ ಮಣೆಯಲ್ಲಿ ಅದನ್ನು ಸೇರಿಸಲು ಸಂದಿಯೇ ದೊರೆಯುವುದಿಲ್ಲ.

ಎರಡಕ್ಷರದ ಪದಗಳೇ ಈ ಆಟದ ಕೀಲುಗಳು. ಈಗಾಗಲೇ ಮಣೆಯ ಮೇಲಿರುವ ಪದಕ್ಕೆ ಸಮಾನಾಂತರವಾಗಿ ಹೊಸ ಪದವನ್ನು ಇಟ್ಟಾಗ ಒಂದಕ್ಕೊಂದು ತಾಗುವ ಪ್ರತಿಯೊಂದು ಜೋಡಿಯೂ ಸಿಂಧುವಾದ ಪದವಾಗಿರಬೇಕೆಂಬ ನಿಯಮವಿರುವುದರಿಂದ, ಅವುಗಳನ್ನು ಬಲ್ಲವನು ಒಂದೇ ಸರದಿಯಲ್ಲಿ ಮೂರು ನಾಲ್ಕು ಪದಗಳ ಅಂಕವನ್ನು ಪಡೆಯಬಲ್ಲನು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಕೆಯಾಗುವ ಕಾಲಿನ್ಸ್ ಪಟ್ಟಿಯ 2019ರ ಪರಿಷ್ಕರಣದಲ್ಲಿ ಇಂತಹ ಪದಗಳು 127 ಇದ್ದವು. ಉತ್ತರ ಅಮೆರಿಕದ ಪಟ್ಟಿ ಇನ್ನಷ್ಟು ಬಿಗಿಯಾದುದು, ಅದರ 2018ರ ಪರಿಷ್ಕರಣದಲ್ಲಿ 107 ಪದಗಳಿಗೆ ಮಾತ್ರ ಸ್ಥಾನ ದೊರೆಯಿತು. ಇವುಗಳಲ್ಲಿ ನಿತ್ಯ ಬಳಕೆಯ ಪದಗಳನ್ನು ಬದಿಗಿಟ್ಟರೆ ಉಳಿಯುವ ಭಾಗ ಭೂಗೋಳದ ಒಂದು ಚಿಕ್ಕ ಪ್ರವಾಸದಂತಿದೆ.

ಎರಡು ಎ ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಆಗುವ 'ಆಆ' ಎಂಬುದು ಹವಾಯಿ ದ್ವೀಪವಾಸಿಗಳ ಮಾತು. ಜ್ವಾಲಾಮುಖಿಯಿಂದ ಹರಿದು ಬಂದು, ಮೇಲ್ಮೈ ಒಡೆದು, ಬರಿಗಾಲಿನಲ್ಲಿ ನಡೆಯಲಾಗದಷ್ಟು ಚೂಪು ಚೂಪಾಗಿ ಗಟ್ಟಿಯಾದ ಲಾವಾ ಶಿಲೆಗೆ ಆ ಹೆಸರು. ನುಣುಪಾಗಿ, ಸುತ್ತಿಟ್ಟ ಹಗ್ಗದ ಮಡಿಕೆಗಳಂತೆ ಗಟ್ಟಿಯಾಗುವ ಲಾವಾವನ್ನು ಅದೇ ಜನ 'ಪಾಹೊಯೆಹೊಯೆ' ಎನ್ನುತ್ತಾರೆ, ಆ ಉದ್ದನೆಯ ಪದಕ್ಕೂ ಪಟ್ಟಿಯಲ್ಲಿ ಸ್ಥಾನವಿದೆ. ಎರಡೂ ಮೂಲತಃ ಒಂದೇ ಬಸಾಲ್ಟ್ ಶಿಲೆಯಾಗಿದ್ದು, ಹರಿವಿನ ವೇಗ, ತಾಪ, ಅಂಟುತನಗಳ ವ್ಯತ್ಯಾಸದಿಂದ ಮಾತ್ರ ಬೇರೆ ಬೇರೆ ರೂಪ ತಾಳುತ್ತವೆ. ಭೂವಿಜ್ಞಾನಿಗಳು ಈ ಎರಡು ಪದಗಳನ್ನೂ ಹಾಗೆಯೇ ಎತ್ತಿಕೊಂಡು ಜಗತ್ತಿನ ಎಲ್ಲ ಲಾವಾ ಪ್ರದೇಶಗಳಿಗೂ ಅನ್ವಯಿಸಿದ್ದಾರೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಮಣ್ಣಿಗೆ ಜನ್ಮಕೊಟ್ಟ ದಖ್ಖನ್ ಲಾವಾ ಪದರಗಳನ್ನು ವರ್ಣಿಸುವ ಗ್ರಂಥಗಳಲ್ಲಿಯೂ ಹವಾಯಿಯ ಈ ಮಾತುಗಳೇ ಬರುತ್ತವೆ. ಸ್ವರಗಳೇ ತುಂಬಿ ಹೋದಾಗ ಕೈಗೆ ಬರುವ ಒಂದು ಪುಟ್ಟ ಪದದ ಅರ್ಥವನ್ನು ಹುಡುಕಿಕೊಂಡು ಹೊರಟ ಉತ್ತರ ಕರ್ನಾಟಕದ ಆಟಗಾರ ತನ್ನ ಹೊಲದ ಅಡಿಗಲ್ಲಿನವರೆಗೆ ಬಂದು ನಿಲ್ಲಬಹುದು.

ಎ ಮತ್ತು ಐ ಸೇರಿದ 'ಆಯಿ' ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರಕ್ಕೆ ಜೋತುಬಿದ್ದು ಬದುಕುವ, ಮೂರು ಬೆರಳುಗಳ, ಅತಿ ನಿಧಾನಗತಿಯ ಪ್ರಾಣಿ. ಹೆಸರು ಬ್ರೆಜಿಲಿನ ಮೂಲನಿವಾಸಿಗಳ ತುಪಿ ಭಾಷೆಯದು. ಒ ಮತ್ತು ಇ ಸೇರಿದರೆ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳ ಸುಂಟರಗಾಳಿ. ಒ ಮತ್ತು ಡಿ ಸೇರಿದ 'ಆಡ್' ಎಂಬುದಂತೂ ಇಲ್ಲದ ವಸ್ತುವಿನ ಹೆಸರು: ಹತ್ತೊಂಬತ್ತನೆಯ ಶತಮಾನದ ಜರ್ಮನ್ ರಸಾಯನಶಾಸ್ತ್ರಜ್ಞ ರೈಖೆನ್‌ಬಾಖ್ ಪ್ರಕೃತಿಯಲ್ಲೆಲ್ಲ ವ್ಯಾಪಿಸಿದ ಒಂದು ಶಕ್ತಿಯನ್ನು ಕಲ್ಪಿಸಿ ಅದಕ್ಕೆ ಈ ಹೆಸರಿಟ್ಟನು, ವಿಜ್ಞಾನ ಆ ಶಕ್ತಿಯನ್ನು ತಳ್ಳಿಹಾಕಿತು, ನಿಘಂಟು ಹೆಸರನ್ನು ಉಳಿಸಿಕೊಂಡಿತು. ಟಿಬೆಟ್ಟಿನ ಯಾಕ್ ಮೃಗಕ್ಕೂ ಸಾಮಾನ್ಯ ದನಕ್ಕೂ ಹುಟ್ಟಿದ ಮಿಶ್ರತಳಿ 'ಜ಼ೋ' ಎಂಬುದನ್ನು ಇಂಗ್ಲಿಷಿಗೆ ತಂದ ಪ್ರವಾಸಿಗಳು ಟಿಬೆಟನ್ ಉಚ್ಚಾರವನ್ನು ತಮತಮಗೆ ಕೇಳಿಸಿದಂತೆ ಬರೆದುಕೊಂಡರು, ಅದರಿಂದ ಒಂದೇ ಪ್ರಾಣಿಗೆ ಎರಡು, ಮೂರು, ನಾಲ್ಕು ಅಕ್ಷರಗಳ ಐದು ಕಾಗುಣಿತಗಳು ಕಾಲಿನ್ಸ್ ಪಟ್ಟಿಯಲ್ಲಿ ಉಳಿದುಕೊಂಡಿವೆ. ಈ ಬಗೆಯ ಕಾಗುಣಿತದ ಅನಿಶ್ಚಿತತೆ ಭಾಷಾವಿದ್ವಾಂಸನಿಗೆ ತಲೆನೋವಾದರೂ ಆಟಗಾರನಿಗೆ ವರವಾಗಿದೆ.

ಪಾಶ್ಚಾತ್ಯ ಸಂಗೀತದ ಸ್ವರನಾಮಗಳು ಪೂರ್ತಿಯಾಗಿ ಈ ಪಟ್ಟಿಯಲ್ಲಿರುವುದು ಸ ರಿ ಗ ಮ ಬಲ್ಲವರಿಗೆ ವಿಶೇಷವಾಗಿ ಹಿಡಿಸುವ ಸಂಗತಿ. ಡೋ, ರೇ, ಮೀ, ಫಾ, ಸೋ, ಲಾ, ಟೀ ಎಂಬ ಏಳೂ ಎರಡೆರಡು ಅಕ್ಷರಗಳ ಸಿಂಧು ಪದಗಳು. ಇವುಗಳೊಂದಿಗೆ ಯು, ಟಿ ಸೇರಿದ 'ಉಟ್' ಎಂಬ ಎಂಟನೆಯದೂ ಇದೆ. ಹನ್ನೊಂದನೆಯ ಶತಮಾನದ ಇಟಲಿಯ ಸಂಗೀತ ಗುರು ಗೀಡೊ, ಸಂತ ಯೋಹಾನನ ಕುರಿತ ಲ್ಯಾಟಿನ್ ಸ್ತೋತ್ರವೊಂದರ ಪಂಕ್ತಿಗಳ ಮೊದಲ ಉಚ್ಚಾರಾಂಶಗಳನ್ನು ತೆಗೆದುಕೊಂಡು ಸ್ವರಗಳಿಗೆ ಹೆಸರಿಟ್ಟಾಗ ಆಧಾರಸ್ವರಕ್ಕೆ ದೊರೆತ ಹೆಸರು ಅದು. ಹಾಡಲು ಸುಲಭವಾಗಲೆಂದು ಮುಂದೆ ಅದರ ಸ್ಥಾನದಲ್ಲಿ 'ಡೋ' ಬಂದಿತು. ಕ್ರೈಸ್ತ ಮಠಗಳ ಗಾಯನದಿಂದಲೇ ಬಂದ ಇನ್ನೊಂದು ಪದ ಆರು ಅಕ್ಷರಗಳದು, ಆರೂ ಸ್ವರಗಳೇ: ಇ, ಯು, ಒ, ಯು, ಎ, ಇ. ಸ್ತೋತ್ರದ ಕೊನೆಯಲ್ಲಿ ಬರುವ 'ಸೆಕುಲೋರುಮ್ ಆಮೆನ್' ಎಂಬ ಲ್ಯಾಟಿನ್ ಮಾತುಗಳಿಂದ ವ್ಯಂಜನಗಳನ್ನೆಲ್ಲ ಬಿಟ್ಟು ಸ್ವರಗಳನ್ನು ಮಾತ್ರ ಬರೆದಿಟ್ಟುಕೊಂಡ ಸಂಕೇತವದು. ಮುಕ್ತಾಯದ ರಾಗವನ್ನು ಯಾವ ಅಕ್ಷರದ ಮೇಲೆ ಹೇಗೆ ತಿರುಗಿಸಬೇಕೆಂದು ಗಾಯಕರಿಗೆ ನೆನಪಿಸುವುದು ಅದರ ಉದ್ದೇಶವಾಗಿತ್ತು.

ಇದಕ್ಕೆ ನೇರ ವಿರುದ್ಧವಾಗಿ, ಎ ಇ ಐ ಒ ಯು ಎಂಬ ಐದು ಸ್ವರಗಳಲ್ಲಿ ಒಂದೂ ಇಲ್ಲದ ಪದಗಳನ್ನು ಇಂಗ್ಲಿಷಿಗೆ ಕೊಟ್ಟಿರುವುದು ವೇಲ್ಸ್ ದೇಶ. ವೆಲ್ಷ್ ಭಾಷೆಯಲ್ಲಿ ಡಬ್ಲ್ಯೂ ಅಕ್ಷರ 'ಊ' ಎಂಬ ಸ್ವರದ ಕೆಲಸವನ್ನೂ ಮಾಡುತ್ತದೆ. ಸಿ, ಡಬ್ಲ್ಯೂ, ಎಮ್ ಸೇರಿದ 'ಕೂಮ್' ಎಂಬುದು ಹಿಮನದಿ ಕೊರೆದ ಬಟ್ಟಲಿನಾಕಾರದ ಕಣಿವೆ, 'ಕ್ರೂತ್' ಎಂಬುದು ಕಮಾನಿನಿಂದ ನುಡಿಸುವ ಪ್ರಾಚೀನ ತಂತಿವಾದ್ಯ. ಎವರೆಸ್ಟ್ ಏರುವವರು ಖುಂಬು ಹಿಮಪಾತವನ್ನು ದಾಟಿದ ಮೇಲೆ ಪ್ರವೇಶಿಸುವ ವಿಶಾಲ ಹಿಮಕಣಿವೆಗೆ 1921ರಲ್ಲಿ ಜಾರ್ಜ್ ಮ್ಯಾಲರಿ ಇಟ್ಟ ಹೆಸರು ವೆಸ್ಟರ್ನ್ ಕೂಮ್. ವೇಲ್ಸಿನ ಹಳ್ಳಿಗಾಡಿನ ಮಾತು ಹೀಗೆ ಹಿಮಾಲಯದ ನಕಾಶೆಯಲ್ಲಿ ಶಾಶ್ವತವಾಗಿ ನಿಂತಿದೆ.

ಕ್ಯೂ ಅಕ್ಷರದ ಸಮಸ್ಯೆಗೆ ಪರಿಹಾರ ಬಂದುದು ಬಹುಮಟ್ಟಿಗೆ ಏಷ್ಯಾದಿಂದ. ಚೀನೀ ವೈದ್ಯಶಾಸ್ತ್ರದಲ್ಲಿ ಶರೀರದ ಜೀವಶಕ್ತಿಯನ್ನು ಸೂಚಿಸುವ 'ಚೀ', ಕ್ಯೂ ಮತ್ತು ಐ ಎಂಬ ಎರಡೇ ಅಕ್ಷರಗಳಲ್ಲಿ ಮುಗಿಯುವ ಪದ, 2006ರಲ್ಲಿ ಉತ್ತರ ಅಮೆರಿಕದ ಪಟ್ಟಿಗೆ ಸೇರಿದಾಗ ಆಟದ ತಂತ್ರವೇ ಬದಲಾಯಿತು; ಅದಕ್ಕೆ ಮುನ್ನ ಕೊರಳಿಗೆ ಕಟ್ಟಿದ ಕಲ್ಲಾಗಿದ್ದ ಕ್ಯೂ ಅಂದಿನಿಂದ ಅಂಕ ತರುವ ಬಿಲ್ಲೆಯಾಯಿತು. ಅರಬಿ, ಪಾರಸಿ, ಹೀಬ್ರೂ ಮೂಲದ ಪದಗಳಲ್ಲಿ ಕ್ಯೂ ಗಂಟಲಿನ ಆಳದಿಂದ ಹೊರಡುವ ಒಂದು 'ಕ'ಕಾರವನ್ನು ಸೂಚಿಸುವುದರಿಂದ ಅಲ್ಲಿ ಯು ಅಕ್ಷರದ ಹಂಗಿಲ್ಲ; ಫಕೀರ, ಕಾಜಿ, ನಿಕಾಬು, ತಲಾಕು, ಕವ್ವಾಲಿ ಎಂಬ, ಕನ್ನಡಿಗರ ಕಿವಿಗೂ ಹೊಸದಲ್ಲದ ಮಾತುಗಳೆಲ್ಲ ಕ್ಯೂ ಹೊತ್ತು ಪಟ್ಟಿಯಲ್ಲಿ ಕುಳಿತಿವೆ.

ಈ ಗುಂಪಿನಲ್ಲಿ 'ಕನಾತ್' ಎಂಬ ಐದಕ್ಷರದ ಪದಕ್ಕೆ ಪ್ರತ್ಯೇಕ ಗೌರವ ಸಲ್ಲಬೇಕು. ಮಳೆ ಕಡಿಮೆಯಾದ ಇರಾನಿನ ಪ್ರಸ್ಥಭೂಮಿಯಲ್ಲಿ ಬೆಟ್ಟದ ಬುಡದಲ್ಲಿ ಒಂದು ಆಳವಾದ ತಾಯಿಬಾವಿಯನ್ನು ತೋಡಿ, ಅಲ್ಲಿ ಸಿಕ್ಕ ಅಂತರ್ಜಲವನ್ನು ಹಗುರಾದ ಇಳಿಜಾರಿರುವ ಸುರಂಗದ ಮೂಲಕ, ಯಾವ ಏತವೂ ಯಂತ್ರವೂ ಇಲ್ಲದೆ, ತಗ್ಗಿನ ಹಳ್ಳಿಗೂ ಹೊಲಕ್ಕೂ ಹರಿಸುವ ವ್ಯವಸ್ಥೆಯೇ ಕನಾತ್. ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಲದ ಮೇಲಕ್ಕೆ ತೆರೆದ ಬಾವಿಯಂತಹ ಕಿಂಡಿಗಳಿರುತ್ತವೆ. ತೋಡುವಾಗ ಮಣ್ಣು ಮೇಲೆತ್ತಲೂ, ಕೆಳಗಿರುವವರಿಗೆ ಗಾಳಿ ಸಿಗಲೂ, ಮುಂದೆ ಹೂಳು ತೆಗೆಯಲೂ ಅವು ಬೇಕು. ನೀರು ಮಣ್ಣಿನಡಿಯಲ್ಲಿಯೇ ಹರಿಯುವುದರಿಂದ ಬಿಸಿಲಿಗೆ ಆವಿಯಾಗುವುದು ತಪ್ಪುತ್ತದೆ. ಇರಾನಿನ ಕನಾತ್‌ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹಮನಿ ಸುಲ್ತಾನರ ಕಾಲದಲ್ಲಿ ಇದೇ ವಿದ್ಯೆ ಬೀದರಿಗೆ ಬಂದಿತು. ಬೀದರಿನ ನೌಬಾದಿನಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ಅಂತಹ ಸುರಂಗವನ್ನು ಇಂದಿಗೂ ಕಾಣಬಹುದು, ಅದನ್ನು ಅಲ್ಲಿ ಕರೇಜ್ ಎಂದೂ ಸುರಂಗ ಬಾವಿ ಎಂದೂ ಕರೆಯುತ್ತಾರೆ. ಕ್ಯೂ ಬಿಲ್ಲೆಯನ್ನು ಖರ್ಚು ಮಾಡಲು ಈ ಪದವನ್ನಿಡುವ ಕನ್ನಡದ ಹುಡುಗ ಅಥವಾ ಹುಡುಗಿಗೆ ಇಷ್ಟೂ ತಿಳಿಯದೆ ಹೋದರೆ ಅದು ನಿಜಕ್ಕೂ ದುಃಖದ ಮಾತು.

ಎಕ್ಸ್ ಮತ್ತು ಜ಼ೆಡ್ ಅಕ್ಷರಗಳ ಮೂರಕ್ಷರದ ಪದಗಳಲ್ಲಿ ಕೆಲವು ಕಸುಬು, ಆಚರಣೆಗಳಿಂದ ಬಂದವು. 'ಜ಼ಾಕ್ಸ್' ಛಾವಣಿಯ ಕಲ್ಲುಹಲಗೆಗಳನ್ನು ಅಳತೆಗೆ ಕತ್ತರಿಸುವ ಉಪಕರಣ. 'ಪಿಕ್ಸ್' ಕ್ರೈಸ್ತರು ಪರಮಪ್ರಸಾದದ ರೊಟ್ಟಿಯನ್ನಿಡುವ ಪಾತ್ರೆ. ಎರಡನೆಯ ಪದಕ್ಕೆ ಇನ್ನೊಂದು ಬಳಕೆಯೂ ಉಂಟು: ಇಂಗ್ಲೆಂಡಿನ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳಲ್ಲಿ ಕೆಲವನ್ನು ಪರೀಕ್ಷೆಗೆಂದು ತೆಗೆದಿಡುವ ಪೆಟ್ಟಿಗೆಗೂ ಅದೇ ಹೆಸರು, ಮತ್ತು ಆ ಪೆಟ್ಟಿಗೆಯ ನಾಣ್ಯಗಳ ತೂಕ, ಶುದ್ಧತೆಗಳನ್ನು ಪರಿಶೀಲಿಸುವ ವಿಧಿ ಹದಿಮೂರನೆಯ ಶತಮಾನದಿಂದ ನಡೆದುಬಂದಿದೆ.

ಭಾರತದ ಪದಗಳು ಈ ಪಟ್ಟಿಯಲ್ಲಿ ಧಾರಾಳವಾಗಿವೆ. ಲಕ್ಷ, ಕೋಟಿ, ಆಣೆ, ತೊಲ, ಘಟ್ಟ, ತಾಲೂಕು, ಯುಗ, ಯೋಗಿ, ಅಹಿಂಸೆ, ಸ್ವರಾಜ್ಯ, ಹರತಾಳ, ಬಂದ್, ಘೇರಾವ್, ಕಬಡ್ಡಿ ಇವೆಲ್ಲವೂ ಇಂಗ್ಲಿಷ್ ರೂಪ ತಾಳಿ ಅಂಕ ತರುತ್ತವೆ, ಕಾಲಿನ್ಸ್ ಪಟ್ಟಿಯಲ್ಲಿ ಇಡ್ಲಿ ದೋಸೆಗಳಿಗೂ ಜಾಗವಿದೆ. ಎಂಟು ಅಂಕದ ಜೆ ಅಕ್ಷರ ಕೈಯಲ್ಲಿದ್ದಾಗ ಜ್ಞಾನ ಎಂಬುದರ ಐದಕ್ಷರದ ರೂಪ ಒದಗಿಬರುತ್ತದೆ. ಮೃದಂಗ ಎಂಬುದು ಏಳು, ಎಂಟು, ಒಂಬತ್ತು ಅಕ್ಷರಗಳ ರೂಪಗಳಲ್ಲಿ ಸಿಂಧುವಾಗಿದೆ. ಎಮ್ ಮತ್ತು ಆರ್ ಒಟ್ಟಿಗೆ ಬಂದು ಆರಂಭವಾಗುವ ಆ ಕಾಗುಣಿತ ಇಂಗ್ಲಿಷರಿಗೆ ನಂಬಲಾಗದಂತೆ ಕಂಡರೆ, ಕನ್ನಡಿಗರಿಗೆ ಅದು ಋಕಾರದ ಸಹಜ ಲಿಪ್ಯಂತರ. ನಾಲ್ಕಕ್ಷರದ 'ರಯತ್' ಎಂಬುದನ್ನು ಇಂಗ್ಲಿಷಿನಲ್ಲಿ ಆರ್, ವೈ, ಒ, ಟಿ ಎಂದು ಬರೆಯುವುದರಿಂದ ಕನ್ನಡದ ಆಟಗಾರನೂ ಅದನ್ನು ಗುರುತಿಸದೆ ಹೋಗಬಹುದು, ಆದರೆ ಅದು ನಮ್ಮ ರೈತನೇ. ಮೂಲ ಅರಬಿಯಲ್ಲಿ ಕಾಯ್ದುಕೊಂಡ ಮಂದೆ, ಅದರಿಂದ ಆಳುವವನ ರಕ್ಷಣೆಯಲ್ಲಿರುವ ಪ್ರಜೆ ಎಂಬರ್ಥದ ಈ ಮಾತು ಪಾರಸಿಯ ಮೂಲಕ ಭಾರತಕ್ಕೆ ಬಂದು ಒಕ್ಕಲಿಗನಿಗೆ ಸಂದಿತು. ಜಮೀನ್ದಾರನನ್ನು ನಡುವೆ ಬಿಡದೆ ಉಳುವವನಿಂದಲೇ ನೇರವಾಗಿ ಕಂದಾಯ ಪಡೆಯುವ ರಯತವಾರಿ ಪದ್ಧತಿಯನ್ನು ಬೆಳೆಸಿದ ಥಾಮಸ್ ಮನ್ರೊ ಕೆನರಾ ಜಿಲ್ಲೆಯಲ್ಲಿಯೂ, 1800ರಿಂದ 1807ರವರೆಗೆ ಬಳ್ಳಾರಿಯನ್ನೊಳಗೊಂಡ ದತ್ತ ಜಿಲ್ಲೆಗಳಲ್ಲಿಯೂ ಆಡಳಿತ ನಡೆಸಿದವನು. ಇಂಗ್ಲಿಷ್ ನಿಘಂಟಿನಲ್ಲಿ ಆ ಪದ ಭದ್ರವಾಗಿ ನೆಲೆಯೂರಲು ಕಂದಾಯದ ಕಡತಗಳು ಮುಖ್ಯ ಕಾರಣ.

ಐದಕ್ಷರದ 'ಧೋಲ್' ಎಂಬ ಪದ ಇನ್ನೂ ಹತ್ತಿರದ್ದು. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಗುಂಪುಗುಂಪಾಗಿ ಬೇಟೆಯಾಡುವ ಕೆಂಚು ಬಣ್ಣದ ಸೀಳುನಾಯಿಗೆ ಇಂಗ್ಲಿಷಿನಲ್ಲಿ ಬಳಕೆಯಾಗುವ ಈ ಹೆಸರಿನ ಮೂಲ ನಿರ್ವಿವಾದವಾಗಿಲ್ಲ. ಆದರೂ ಅದು ಕನ್ನಡದ 'ತೋಳ'ದಿಂದ ಬಂದಿರಬಹುದೆಂದು ಇಂಗ್ಲಿಷ್ ನಿಘಂಟುಕಾರರು ಸೂಚಿಸಿದ್ದಾರೆ. ಸೀಳುನಾಯಿಯೇ ಬೇರೆ, ತೋಳವೇ ಬೇರೆ. ಹೆಸರು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುವುದು ಪದಗಳ ಚರಿತ್ರೆಯಲ್ಲಿ ಹೊಸದೇನಲ್ಲ.

ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಇಟ್ಟವನಿಗೆ 50 ಅಂಕಗಳ ಬಹುಮಾನವಿರುವುದರಿಂದ ದೀರ್ಘ ಪದಗಳಿಗೂ ಬೆಲೆಯಿದೆ. 1982ರಲ್ಲಿ ಮ್ಯಾಂಚೆಸ್ಟರಿನ ಪಂದ್ಯವೊಂದರಲ್ಲಿ ಕಾರ್ಲ್ ಖೋಶ್ನಾವ್ ಕೆರಿಬಿಯನ್ ದ್ವೀಪಗಳ ಮೂಲನಿವಾಸಿ ನಾಯಕರು ಎಂಬರ್ಥದ 'ಕಜ಼ೀಕ್ಸ್' ಎಂಬ ಎಂಟಕ್ಷರದ ಪದದಿಂದ 392 ಅಂಕ ಗಳಿಸಿದನು. ಮಣೆಯ ಅಂಚಿನಲ್ಲಿ ಪದದ ಬೆಲೆಯನ್ನು ಮೂರು ಪಟ್ಟು ಮಾಡುವ ಎರಡು ಚೌಕಗಳನ್ನು ಒಂದೇ ಪದ ಮುಚ್ಚಿದಾಗ ಬೆಲೆ ಒಂಬತ್ತು ಪಟ್ಟಾಗುತ್ತದೆ, ಇಷ್ಟು ದೊಡ್ಡ ಮೊತ್ತದ ಗುಟ್ಟು ಅದು. 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ಎಂಬಲ್ಲಿ ಮೈಕೆಲ್ ಕ್ರೆಸ್ಟಾ ಇದೇ ರೀತಿಯಲ್ಲಿ 365 ಅಂಕ ಪಡೆದ ಪದ 'ಕ್ವಿಕ್ಸಟ್ರಿ'. ಸೆರ್ವಾಂಟೆಸನ ಕಾದಂಬರಿಯ ನಾಯಕ ಡಾನ್ ಕಿಹೋಟೆಯ ಹೆಸರಿನಿಂದ ಹುಟ್ಟಿದ ಆ ಪದ, ಕೈಗೂಡದ ಆದರ್ಶದ ಬೆನ್ನುಹತ್ತುವ ಸ್ವಭಾವವನ್ನು ಹೇಳುತ್ತದೆ.

ಅರ್ಥವಿಲ್ಲದೆ ಪದ ಕಲಿಯುವುದರ ಪರಾಕಾಷ್ಠೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎನ್ನಬೇಕು. ಇಂಗ್ಲಿಷ್ ಸ್ಕ್ರ್ಯಾಬಲಿನ ವಿಶ್ವ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಆತ ಫ್ರೆಂಚ್ ಮಾತನಾಡಲು ಬಾರದೆಯೇ ಫ್ರೆಂಚ್ ಪದಗಳನ್ನು ಕಂಠಪಾಠ ಮಾಡಿ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಸ್ಪರ್ಧೆಯಲ್ಲಿ ಜಯಿಸಿದನು, 2024ರಲ್ಲಿ ಸ್ಪ್ಯಾನಿಷ್ ಭಾಷೆಯ ಪ್ರಶಸ್ತಿಯನ್ನೂ ಪಡೆದನು. ಇಂಗ್ಲಿಷ್ ಮನೆಮಾತಲ್ಲದ ಥಾಯ್ಲೆಂಡಿನ ಪಾನುಪೋಲ್ 2003ರಲ್ಲಿ, ಪಾಕಾರ್ನ್ 2009ರಲ್ಲಿ ವಿಶ್ವವಿಜೇತರಾದರು. ನೆನಪಿನ ಇಂತಹ ಶಕ್ತಿ ಅಸಾಧಾರಣವಾದುದು, ಅದರ ಮುಂದೆ ಯಾರಾದರೂ ತಲೆಬಾಗಬೇಕಾದುದೇ. ಆದರೆ ಅದು ವಿರಳವಾದ ಪ್ರತಿಭೆಯ ಮಾರ್ಗವೇ ಹೊರತು ಸಾಮಾನ್ಯ ಆಟಗಾರನ ಮಾರ್ಗವಲ್ಲ. ಅರ್ಥ ಬಲ್ಲವನಿಗೆ ಮಣೆಯ ಮೇಲೆಯೇ ಪ್ರಯೋಜನ ಉಂಟು. ಕೆ, ವೈ ಸೇರಿದ 'ಕೈ' ಎಂಬುದು ಸ್ಕಾಟ್ಲೆಂಡಿನ ಮಾತಿನಲ್ಲಿ ಹಸುಗಳು ಎಂಬ ಬಹುವಚನವೆಂದು ತಿಳಿದವನು ಅದರ ತುದಿಗೆ ಬಹುವಚನದ ಎಸ್ ಹಚ್ಚಿ ಸರದಿ ಕಳೆದುಕೊಳ್ಳುವುದಿಲ್ಲ. ಎ, ಇ ಸೇರಿದುದು 'ಒಂದು' ಎಂಬ ಸ್ಕಾಟಿಷ್ ವಿಶೇಷಣವೆಂದು ತಿಳಿದವನಿಗೂ ಆ ಸಂದೇಹ ಬಾರದು. ಆಯಿ ಪ್ರಾಣಿಯೆಂದು ಬಲ್ಲವನು ಅದಕ್ಕೆ ನಿಶ್ಚಿಂತೆಯಿಂದ ಎಸ್ ಸೇರಿಸುತ್ತಾನೆ. ಪದ ನಾಮವೋ, ಕ್ರಿಯೆಯೋ, ವಿಶೇಷಣವೋ ಎಂಬುದು ಅರ್ಥದೊಂದಿಗೆ ತಾನಾಗಿ ಬರುತ್ತದೆ, ಅರ್ಥವಿಲ್ಲದವನು ಅದನ್ನು ಪ್ರತಿಯೊಂದು ಪದಕ್ಕೂ ಬೇರೆಯಾಗಿ ಬಾಯಿಪಾಠ ಮಾಡಬೇಕು.

ಕಂಠಪಾಠವನ್ನು ಕೀಳೆಂದು ತಿಳಿಯಬೇಕಾಗಿಲ್ಲ. ಅಮರಸಿಂಹನ ನಾಮಲಿಂಗಾನುಶಾಸನ, ಅಂದರೆ ಅಮರಕೋಶ, ತಲೆಮಾರುಗಳಿಂದ ಬಾಯಿಪಾಠದಲ್ಲಿಯೂ ಉಳಿದುಬಂದಿದೆ. ಆದರೆ ಅಲ್ಲಿ ಪದಗಳನ್ನು ಅಕಾರಾದಿಯಾಗಿ ಒಟ್ಟದೆ ಸ್ವರ್ಗ, ಭೂಮಿ, ಸಾಗರ, ವನಸ್ಪತಿ ಎಂದು ಅರ್ಥದ ವರ್ಗಗಳಾಗಿ ಮಾಡಿ, ಪ್ರತಿ ನಾಮದೊಂದಿಗೆ ಅದರ ಲಿಂಗವನ್ನೂ ತಿಳಿಸಿದೆ. ನಾಚಿರಾಜನು ಅದಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದುದೂ ಕಲಿಯುವವನಿಗೆ ಅರ್ಥ ದೊರೆಯಲೆಂದೇ. ಸ್ಕ್ರ್ಯಾಬಲ್ ಅಭ್ಯಾಸಕ್ಕೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ: ವಾದ್ಯಗಳು, ನಾಣ್ಯಗಳು, ಪ್ರಾಣಿಗಳು, ಕಲ್ಲುಗಳು ಎಂದು ಪದಗಳನ್ನು ಗುಂಪು ಮಾಡಿ ಕಲಿತವನಿಗೆ ಒಂದರಿಂದ ಇನ್ನೊಂದು ನೆನಪಾಗುತ್ತದೆ.

ಶಾಲೆ ಕಾಲೇಜುಗಳಲ್ಲಿ ಈ ಆಟವನ್ನು ಕಲಿಸುವವರು ಅಚ್ಚಾದ ಪದಪಟ್ಟಿಯೊಂದಿಗೆ ಒಂದು ಒಳ್ಳೆಯ ಇಂಗ್ಲಿಷ್ ನಿಘಂಟನ್ನೂ ಮೇಜಿನ ಮೇಲೆ ಇಡಲಿ. ಆಟ ಮುಗಿದು ಅಂಕಗಳನ್ನು ಕೂಡಿದ ಮೇಲೆ ಆ ದಿನ ಮಣೆಯ ಮೇಲೆ ಬಂದ ಅಪರಿಚಿತ ಪದಗಳ ಅರ್ಥವನ್ನು ಮಕ್ಕಳಿಂದಲೇ ಹುಡುಕಿಸಿ, ಕನ್ನಡದಲ್ಲಿ ಬರೆಸಿ, ಪುಸ್ತಕದಲ್ಲಿ ಕೂಡಿಡಿಸಲಿ.